ಹುರುಳಿ ಹಾಸಿದ ರಸ್ತೆ

ನಾನು ಬಿದ್ದದ್ದು ಗುಡ್ಡದಲ್ಲಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಗೇರ್ ಸೈಕಲ್ಲು, ಗಜೇಂದ್ರಗಡದ ಗುಡ್ಡ, ಮುರಿದ ಎಲುಬು ಎಂದು ಕೇಳಿದವರೆಲ್ಲ ನಾನು ಬಂಡೆಗಳ ನಡುವೆ ಉರುಳಿ ಬಿದ್ದೆ ಎಂದೇ ತಿಳಿಯುತ್ತಾರೆ. ಆಗ ಅವರ ಮುಖದಲ್ಲಿ ಸ್ವಲ್ಪ ಮರ್ಯಾದೆ ಮೂಡುತ್ತದೆ. ನಿಜ ಹೇಳಿದೊಡನೆ ಅದು ಇಳಿದುಹೋಗುತ್ತದೆ.

ಆ ಗುಡ್ಡದ ಮೇಲೆ ಗಾಳಿಯಂತ್ರಗಳ ಬುಡಕ್ಕೆ ಹೋಗುವ, ಗರಸು ಎಂಬ ಸಣ್ಣ ಕಲ್ಲುಮಣ್ಣು ಹಾಕಿದ ದಾರಿಗಳಿವೆ. ಮಳೆಯ ನೀರು ಅವುಗಳನ್ನು ಅಲ್ಲಲ್ಲಿ ಕೊರೆದು ಕಾಲುವೆ ಮಾಡಿದೆ. ಅಂಥದೊಂದು ದಾರಿಯಿಂದ ಕುರಿಗಳ ಕಾಲುದಾರಿಯೊಂದು ಒಡೆದು, ಕೆಂಪು ಬಂಡೆಗಳ ಸಂದಿಯಲ್ಲಿ ನುಸುಳಿ, ಕೆಳಗಿನ ಡಾಂಬರು ರಸ್ತೆಯವರೆಗೂ ಇಳಿಯುತ್ತದೆ. ಅದರಲ್ಲಿ ನಾನು ಎಷ್ಟೋ ಸಲ ಸೈಕಲ್ ಇಳಿಸಿದ್ದೆ. ಒಮ್ಮೆಯೂ ಬೀಳಲಿಲ್ಲ. ಬಿದ್ದದ್ದು ಕೆಳಗೆ ಬಂದ ಮೇಲೆ, ರೋಣದ ಕಡೆಗೆ ತಿರುಗಿದ ಮೇಲೆ, ಮಕ್ಕಳೂ ಹಳೆಯ ಟೈರು ಉರುಳಿಸಿಕೊಂಡು ಹೋಗಬಹುದಾದಂಥ ಡಾಂಬರು ರಸ್ತೆಯ ಸಣ್ಣ ಇಳಿಜಾರಿನಲ್ಲಿ. ಅಲ್ಲಿ ಯಾರೋ ಕಿತ್ತ ಹುರುಳಿಯನ್ನು ರಸ್ತೆಯ ತುಂಬ ಹಾಸಿದ್ದರು.

ನಮ್ಮ ಕಡೆ ಸುಗ್ಗಿಯಲ್ಲಿ ಇದು ದಿನದ ನೋಟ. ಒಕ್ಕಲು ಮಾಡಲು ಕಣ ಮಾಡುವವರು ಈಗ ಕಡಿಮೆ. ಡಾಂಬರು ರಸ್ತೆಯೇ ಕಣ, ಹೋಗಿಬರುವ ಲಾರಿ ಬಸ್ಸುಗಳೇ ಎತ್ತು. ಹುರುಳಿ, ಕಡಲೆ, ತೊಗರಿ, ಸೂರ್ಯಕಾಂತಿ ಏನಿದ್ದರೂ ರಸ್ತೆಗೆ ಹರಡಿ, ಅಂಚಿಗೆ ಕಲ್ಲು ಇಟ್ಟು, ಗಿಡದ ನೆರಳಿನಲ್ಲಿ ಕುಳಿತುಬಿಟ್ಟರಾಯಿತು. ಗಾಲಿಗಳು ಹಾಯುತ್ತವೆ, ಕಾಳು ಬಿಡುತ್ತದೆ. ನಾಲ್ಕು ಗಾಲಿಯವರಿಗೆ ಇದರಿಂದ ತೊಂದರೆಯಿಲ್ಲ. ಎರಡು ಗಾಲಿಯವರು ಬೀಳುತ್ತಾರೆ. ಹುರುಳಿಯವರು ಬಿದ್ದವರನ್ನು ಎಬ್ಬಿಸಿ, ನೀರು ಕುಡಿಸಿ, ಚೆದುರಿದ ಹುರುಳಿಯನ್ನು ಮತ್ತೆ ಸರಿಪಡಿಸುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಅದರಲ್ಲಿ ನಾನೇ ಬಿದ್ದ ಮೇಲೆ ಉರಿ ಹೋಗಿ ಹೇಸಿಗೆ ಉಳಿಯಿತು.

ಬಿದ್ದ ಗಳಿಗೆ ನೆನಪಿದೆಯೇ ಎಂದರೆ, ಇದೆ ಎಂದು ಆಗ ಆಣೆ ಮಾಡಿ ಹೇಳುತ್ತಿದ್ದೆ. ಮುಂದಿನ ಗಾಲಿ ನನ್ನನ್ನು ಬಿಟ್ಟು ತನ್ನ ಪಾಡಿಗೆ ತಾನು ಸರ್ರನೆ ಹೊರಟುಹೋಯಿತು. ಆಮೇಲೆ ಬಾಯಿಯ ತುಂಬ ಹೊಟ್ಟು. ಹಲ್ಲು ಮತ್ತು ತುಟಿಯ ನಡುವೆ ಸಿಕ್ಕ ಆ ಒಣ ಧೂಳು, ಅದಕ್ಕೆ ಬೆರೆತ ರಕ್ತದ ಉಪ್ಪು. ಅದರೊಂದಿಗೆ ಒಬ್ಬ ಹೆಣ್ಣುಮಗಳ ಕೂಗು:

“ಅಯ್ಯಯ್ಯ, ನಮ್ಮ ಹುರಳಿ!”

ಎಡಗಡೆಯ ಕೊರಳೆಲುಬು ಮುರಿದಿತ್ತು. ಬಲ ಮೊಣಕಾಲಿನ ಚರ್ಮ ಸುಲಿದಿತ್ತು. ಗದುಗಿನ ದವಾಖಾನೆಯೊಂದರಲ್ಲಿ ಡಾಕ್ಟರು ಎಕ್ಸ್‌ರೇ ತೆಗೆಸಿ, ಪಟ್ಟಿ ಕಟ್ಟಿ, “ಆಪರೇಷನ್ ಬ್ಯಾಡ, ಅಲುಗಾಡಬ್ಯಾಡ್ರಿ” ಎಂದರು. ಅಲುಗಾಡದೆ ಇರುವುದು ನನಗೆ ಹುಟ್ಟಿನಿಂದ ಬಾರದ ವಿದ್ಯೆ. ಧಾರವಾಡದಲ್ಲಿ ಇತಿಹಾಸ ಓದಿ, ಊರೂರು ತಿರುಗಿ, ಹಲವು ಕೆಲಸ ಹಿಡಿದು ಬಿಟ್ಟು, ಕೊನೆಗೆ ರೋಣದ ಕಾಲೇಜಿಗೆ ಪಾಠ ಹೇಳಲು ಬಂದವನು ನಾನು. ಒಂದು ಪುಟವನ್ನು ಎದ್ದು ಓಡಾಡದೆ ಓದಿ ಮುಗಿಸಿದ್ದು ಕಡಿಮೆ. ಓದುತ್ತಿರುವಾಗ ನಡೆಯಬೇಕೆನಿಸುತ್ತದೆ, ನಡೆಯುತ್ತಿರುವಾಗ ಇನ್ನೊಂದು ದಾರಿ ಹಿಡಿಯಬೇಕೆನಿಸುತ್ತದೆ. ಈ ತಲೆ ಒಂದೇ ಕಡೆ ನಿಲ್ಲುತ್ತಿದ್ದದ್ದು ಆ ಕಾಲುದಾರಿಯಲ್ಲಿ ಇಳಿಯುವಾಗ ಮಾತ್ರ. ಅಲ್ಲಿ ಮುಂದಿನ ಕಲ್ಲನ್ನು ಬಿಟ್ಟು ಬೇರೇನನ್ನೂ ನೋಡಲು ಬಿಡುವಿರುವುದಿಲ್ಲ. ಅದು ಕಸರತ್ತೂ ಅಲ್ಲ, ಶೋಕಿಯೂ ಅಲ್ಲ. ವಾರಕ್ಕೊಮ್ಮೆ ನನಗೆ ಸಿಗುತ್ತಿದ್ದ ಒಂದೇ ಒಂದು ಶಾಂತ ಹೊತ್ತು. ಹಾಸಿಗೆಯ ಮೇಲೆ ಬಿದ್ದುಕೊಂಡು ನಾನು ಯೋಚಿಸುತ್ತಿದ್ದದ್ದು ಎಲುಬಿನ ಬಗ್ಗೆಯಲ್ಲ, ಈ ಹೊತ್ತು ಮತ್ತೆ ಸಿಗುತ್ತದೋ ಇಲ್ಲವೋ ಎಂಬುದರ ಬಗ್ಗೆ.

ಅಷ್ಟರಲ್ಲಿ ಮಾತಾಡಿಸಲು ಬರುವವರು ಶುರುವಾದರು.

ಬಿದ್ದವರನ್ನು ಮಾತಾಡಿಸಿ ಬರುವುದು ನಮ್ಮಲ್ಲಿ ತಪ್ಪಿಸುವಂಥ ಕೆಲಸವಲ್ಲ. ಮದುವೆಗೆ ಬಾರದಿದ್ದರೆ ಮಾಫಿ ಇದೆ, ಮಾತಾಡಿಸಲು ಬಾರದಿದ್ದರೆ ಇಲ್ಲ. ಬಿಸ್ಕೀಟಿನ ಪುಡಿಕೆ, ಮೋಸಂಬಿ, ಎಳನೀರು ಹಿಡಿದುಕೊಂಡು ಬರುತ್ತಾರೆ. ಚಪ್ಪಲಿ ಬಿಟ್ಟು, ಕಾಲ ಮೇಲೆ ನೀರು ಹಾಕಿಕೊಂಡು, ಮಂಚದ ಸುತ್ತ ಕೂರುತ್ತಾರೆ. ಹಾಸಿಗೆಯವನು ಹೇಗೆ ಬಿದ್ದೆನೆಂದು ತನ್ನ ಬಾಯಿಯಿಂದಲೇ, ಮೊದಲಿನಿಂದ, ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೇಳಬೇಕು. ಹೆಂಡತಿ ಹೇಳಿದರೆ ನಡೆಯುವುದಿಲ್ಲ. ಅದು ಸೊಕ್ಕೆನಿಸಿಕೊಳ್ಳುತ್ತದೆ, ಓದಿದವನಾದರೆ ಇನ್ನೂ ದೊಡ್ಡ ಸೊಕ್ಕು. ಹೇಳುತ್ತಿರುವಾಗ ಅವರ ಕೈ ಸುಮ್ಮನಿರುವುದಿಲ್ಲ. ಹೊದಿಕೆ ಎತ್ತಿ ಮೊಣಕಾಲು ನೋಡುತ್ತಾರೆ. ಬಾವಿನ ಮೇಲೆ ಬೆರಳಿಟ್ಟು ಅದುಮುತ್ತಾರೆ. ಕೀವು ಆಗಿದೆಯೇ ಎಂದು ಮೂಸಿ ನೋಡಿದವರೂ ಇದ್ದರು. ಅದೇ ಬೆರಳಿನಿಂದ ಚಹದ ಕಪ್ಪು ಎತ್ತಿಕೊಳ್ಳುತ್ತಾರೆ.

“ಹ್ಯಾಂಗ ಬಿದ್ರಿ ಸರ?”

“ರಸ್ತೆಗೆ ಹುರಳಿ ಹಾಕಿದ್ರು. ಗಾಲಿ ಜಾರ್ತು.”

“ಹೂಂ. ಆಮ್ಯಾಲ?”

“ಆಮ್ಯಾಲ ಏನಿಲ್ಲ. ಬಿದ್ದೆ.”

“ಅಷ್ಟನ?”

ಆ ‘ಅಷ್ಟನ’ದಲ್ಲಿ ಎಳನೀರು ತಂದದ್ದು ದಂಡವಾಯಿತೆಂಬ ಬೇಸರವಿರುತ್ತಿತ್ತು. ಕೂಡಲೇ ಅವರು ತಮ್ಮ ಕಡೆಯವರೊಬ್ಬರ ಕಥೆ ತೆಗೆಯುತ್ತಿದ್ದರು. ಅದರಲ್ಲಿ ಟ್ರ್ಯಾಕ್ಟರ್ ಇರುತ್ತಿತ್ತು, ತುಂಡಾದ ಕೈ ಇರುತ್ತಿತ್ತು. ನನ್ನ ಎಲುಬು ನಾಚಿಕೊಳ್ಳುತ್ತಿತ್ತು.

ನರಗುಂದದಿಂದ ಸೋದರತ್ತೆ ಬಂದಳು. ಬರುವಾಗ ಒಬ್ಬ ಎಲುಬು ಕಟ್ಟುವವನಿಂದ ಲೇಪ ಮಾಡಿಸಿಕೊಂಡು ಬಂದಿದ್ದಳು. ತತ್ತಿಯ ಬಿಳಿ, ಉದ್ದಿನ ಹಿಟ್ಟು, ಏನೋ ಸೊಪ್ಪು. ಡಾಕ್ಟರರ ಪಟ್ಟಿಯ ಕೆಳಗೆ ಅದನ್ನು ತಾನೇ ಬಳಿದಳು. ಎಲ್ಲವನ್ನೂ ಅನುಮಾನದಿಂದ ನೋಡಬೇಕೆಂದು ಹುಡುಗರಿಗೆ ಪಾಠ ಹೇಳುವ ನಾನು ಸುಮ್ಮನೆ ಬಳಿಸಿಕೊಂಡೆ. ಅತ್ತೆಯ ಎದುರು ನನ್ನ ವಿದ್ಯೆ ಯಾವತ್ತೂ ನಡೆದದ್ದಿಲ್ಲ. ಎರಡನೆಯ ದಿನಕ್ಕೆ ಅದು ನಾರತೊಡಗಿತು. ಕೊಳೆತ ತತ್ತಿಯ ವಾಸನೆ ನನ್ನ ಗದ್ದದ ಕೆಳಗಿನಿಂದಲೇ ಬರುತ್ತಿತ್ತು, ತಪ್ಪಿಸಿಕೊಳ್ಳಲು ಮುಖ ಎತ್ತ ತಿರುಗಿಸಿದರೂ ಅದು ಜೊತೆಗೇ ಇರುತ್ತಿತ್ತು. ಉಣ್ಣಲು ಕೂತರೆ ವಾಕರಿಕೆ. ವಾಕರಿಸಿದರೆ ಎಲುಬು ಚುಚ್ಚುತ್ತಿತ್ತು.

ಹಂದಿ ಹುಟ್ಟಿದ್ದು ಆ ವಾಸನೆಯ ನಡುವೆಯೇ. ಅತ್ತೆಗೆ ನನ್ನ ಕಥೆ ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ.

“ಹುರಳ್ಯಾಗ ಜಾರಿ ಎಲವು ಮುರೀತದೇನೋ? ಏನರ ಅಡ್ಡ ಬಂದಿರಬೇಕು. ನೆನಪ ಮಾಡ್ಕೊ.”

“ಏನೂ ಬಂದಿಲ್ಲ ಅತ್ತಿ.”

“ನಾಯಿ?”

“ಇಲ್ಲ.”

“ಹಂದಿ?”

ಆಗ ಸರಿಯಾಗಿ ನೋವು ಎದ್ದಿತ್ತು. ನಾನು ಹಲ್ಲು ಕಚ್ಚಿ ಸುಮ್ಮನಾದೆ.

“ನೋಡ, ಹಂದಿ. ನನಗ ಗೊತ್ತಿತ್ತು. ಅದರ ಹೆಸರ ತಗದ ಕೂಡ್ಲೆ ಮಾರಿ ಹ್ಯಾಂಗಾತು ನೋಡವಾ ಇವನ್ದು!” ಎಂದು ನನ್ನ ಹೆಂಡತಿಯ ಕಡೆ ತಿರುಗಿದಳು.

ಸಂಜೆ ಬಂದವರಿಗೆ ಅವಳೇ ಹೇಳಿದಳು. ಹಂದಿ ಎಡಗಡೆಯ ಜಾಲಿಯಿಂದ ಬಂತಂತೆ. ಎಮ್ಮೆಯ ಕರುವಿನಷ್ಟಿತ್ತಂತೆ. ನಾನು ಅದನ್ನು ಉಳಿಸಲು ಹೋಗಿ ಬಿದ್ದೆನಂತೆ.

“ನೀವು ಆ ದಿನ ನರಗುಂದದಾಗ ಇದ್ರಿ ಅತ್ತಿ,” ಎಂದಳು ನನ್ನ ಹೆಂಡತಿ, ಚಹದ ತಟ್ಟೆ ಇಡುತ್ತ.

“ಇದ್ರ ಏನಾತು? ಅವನ ಬಾಯಿಂದನ ಕೇಳೀನಿ.”

ಬಂದವರಿಗೆ ಹಂದಿ ಹಿಡಿಸಿತು. ಅವರ ಮುಖ ಅರಳಿತು. ಮರುದಿನ ಬಂದವರಿಗೆ ಅದು ಮೊದಲೇ ಗೊತ್ತಿತ್ತು, ಅವರು ಕೇಳಿದ್ದೇ “ಹಂದಿ ಹ್ಯಾಂಗ ಬಂತ್ರಿ?” ಎಂದು. ಇಲ್ಲ, ಹಂದಿ ಬರಲಿಲ್ಲ ಎಂದು ಕೆಲವರಿಗೆ ಹೇಳಿದೆ. “ತಲಿಗೂ ಪೆಟ್ಟು ಬಿದ್ದಿರಬೇಕು ಪಾಪ,” ಎಂದು ನನ್ನ ಎದುರೇ ಮಾತಾಡಿಕೊಂಡರು. ಆಮೇಲೆ ಸಾಕಾಗಿ ಹೂಂಗುಟ್ಟಿದೆ. ಹೂಂಗುಟ್ಟಿದರೆ ಬೇಗ ಏಳುತ್ತಿದ್ದರು.

ಪಟ್ಟಿ ಬಿಚ್ಚುವ ಹೊತ್ತಿಗೆ ನನಗೆ ಹಂದಿ ಕಾಣತೊಡಗಿತ್ತು. ಇದು ಹೇಳುವುದಕ್ಕೆ ಅಲ್ಲ, ನಿಜವಾಗಿ. ಕಣ್ಣು ಮುಚ್ಚಿದರೆ ಎಡಗಡೆಯ ಜಾಲಿ, ಅದರ ಬುಡದಿಂದ ಹೊರಬೀಳುವ ಕರಿಯ ಬೆನ್ನು, ಹೊಟ್ಟೆಗೆ ಅಂಟಿದ ಒದ್ದೆ ರಾಡಿ, ಕಿವಿಯ ಮೇಲೆ ಕೂತ ನೊಣ. ನೊಣವನ್ನು ಯಾರೂ ಹೇಳಿರಲಿಲ್ಲ. ಅದನ್ನು ನನ್ನ ತಲೆಯೇ ತಯಾರು ಮಾಡಿತ್ತು, ಅಥವಾ ಅದು ನಿಜವಾಗಿಯೂ ಇತ್ತು. ಯಾವುದೆಂದು ತಿಳಿಯಲು ನನ್ನಲ್ಲಿ ಯಾವ ಉಪಾಯವೂ ಉಳಿದಿರಲಿಲ್ಲ. ಒಂದು ಶಾಸನ ನಿಜವಾದದ್ದೋ ಖೋಟಾವೋ ಎಂದು ಹೇಗೆ ನೋಡಬೇಕೆಂದು ವರ್ಷವರ್ಷ ಹುಡುಗರಿಗೆ ಹೇಳಿಕೊಟ್ಟವನು ನಾನು. ಬಿದ್ದ ದಿನ ತಲೆಗೆ ಹಾಕಿಕೊಂಡಿದ್ದ ಶಿರಸ್ತ್ರಾಣವನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಅದು ಹಿಂಬದಿಗೆ ಸೀಳಿತ್ತು. ಎಲುಬು ಮುರಿದದ್ದು ಎಡಕ್ಕೆ, ಚರ್ಮ ಹೋದದ್ದು ಬಲಕ್ಕೆ. ಈ ಮೂರನ್ನೂ ಕೂಡಿಸಿದರೆ ನಾನು ಮೂರು ಸಲ ಬಿದ್ದಿರಬೇಕು. ನನ್ನ ತಲೆಯ ಬಗ್ಗೆಯೇ ಅಸಹ್ಯವೆನಿಸಿತು. ಹಾಕಿದ್ದನ್ನೆಲ್ಲ ನುಂಗಿ, ತನ್ನದೇ ಎಂದು ತಿರುಗಿ ಕಕ್ಕುವ ಚೀಲ ಅದು.

ಈ ಹಂದಿ ಬರೀ ಮಾತಿನದಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಸೈಕಲ್ ಹತ್ತಿದ ಮೇಲೆ ಅದು ನನ್ನ ಬೆರಳಿಗೆ ಇಳಿಯಿತು.

ಮೊದಲು ಅಸೂಟಿಯ ಕಡೆಯ ಹೊಲದ ದಾರಿಯಲ್ಲಿ ಹೋದೆ. ಸಪಾಟು ನೆಲ, ಎರಡೂ ಕಡೆ ಕಪ್ಪು ಎರೆ ಮಣ್ಣಿನ ಹೊಲ, ಏನೂ ಆಗಲಿಲ್ಲ. ಖುಷಿಯಿಂದ ಒಂದು ಭಾನುವಾರ ಯಾವಗಲ್ಲ ಹಾದು ನರಗುಂದಕ್ಕೆ ಹೊರಟೆ. ಬೆಣ್ಣೆಹಳ್ಳದ ಹತ್ತಿರ ದಾರಿ ಬಿಟ್ಟು ದಂಡೆಯಿಂದ ಕೆಳಗಿಳಿಯುವ ಸಣ್ಣ ಇಳುಕಲು ಹಿಡಿದೆ. ಅದು ಇಳಿಜಾರು ಎಂದು ಹೇಳಲೂ ನಾಚಿಕೆಯಾಗುವಂಥದ್ದು. ಗಾಲಿ ಸ್ವಲ್ಪ ವೇಗ ಹಿಡಿದದ್ದೇ ತಡ, ಎಡಗಡೆಯ ಜಾಲಿಯಲ್ಲಿ ಏನೋ ಕರಿಯದು ಕಂಡಂತಾಗಿ, ಎರಡೂ ಕೈ ಬ್ರೇಕನ್ನು ಗಪ್ಪನೆ ಹಿಡಿದವು. ನಾನು ಹಿಡಿಯಲಿಲ್ಲ, ಕೈ ಹಿಡಿದವು. ಸೈಕಲ್ ನಿಂತಿತು, ನಾನು ನಿಧಾನವಾಗಿ ಪಕ್ಕಕ್ಕೆ ವಾಲಿ ರಾಡಿಯಲ್ಲಿ ಬಿದ್ದೆ. ಹಳ್ಳದ ರಾಡಿ ಅಂದರೆ ಊರಿನ ಎಲ್ಲ ಗಟಾರಗಳ ಕೊನೆ. ಅದು ಕಿವಿಯೊಳಗೂ ಹೋಯಿತು. ಗಾಲಿಗೆ ಎರೆ ಮಣ್ಣು ಮೆತ್ತಿಕೊಂಡು ತಿರುಗದಾಯಿತು. ಕಟ್ಟಿಗೆಯಿಂದ ಕೆರೆಯುತ್ತ ಕೂತಾಗ ಅದರೊಳಗಿಂದ ಕೂದಲು, ಹರಿದ ಪ್ಲಾಸ್ಟಿಕ್ಕು, ಇನ್ನೂ ಏನೇನೋ ಬಂತು.

ಅದೇ ವೇಷದಲ್ಲಿ ನರಗುಂದ ಮುಟ್ಟಿ, ಅತ್ತೆಯ ಮನೆಗೆ ಹೋಗದೆ, ಇಳಿಯಬಲ್ಲೆನೋ ನೋಡಲು ಅಲ್ಲಿನ ಗುಡ್ಡಕ್ಕೆ ಹೋದೆ. ಸೈಕಲ್ಲನ್ನು ಅರ್ಧ ದಾರಿ ತುಳಿದು, ಅರ್ಧ ದಾರಿ ಹೊತ್ತುಕೊಂಡು, ಮೇಲಿನ ಮೊದಲ ಮಟ್ಟಕ್ಕೆ ಒಯ್ದೆ. ಇಳಿಯಲು ಆಗಲಿಲ್ಲ. ಕಾಲು ನೆಲ ಬಿಡಲೇ ಇಲ್ಲ. ಪ್ರತಿ ಪೊದೆಯ ಹಿಂದೆಯೂ ಅದು ನಿಂತಿರುವಂತೆ ಅನಿಸುತ್ತಿತ್ತು. ಕೊನೆಗೆ ಸೈಕಲ್ಲನ್ನು ಹೆಗಲಿಗೇರಿಸಿ ನಡೆದುಕೊಂಡೇ ಇಳಿದೆ. ಎದುರಿಗೆ ಆಡು ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬ ದಾರಿ ಬಿಟ್ಟು ನಿಂತ.

“ಸಾಹೇಬ್ರ, ಅದಕ್ಕ ಕಾಲ ನೋವೇನ್ರಿ?”

“ಯಾವುದಕ್ಕ?”

“ಸೈಕಲ್ಲಿಗ್ರಿ. ಹೊತ್ಕೊಂಡು ಹೊಂಟೀರಲ್ಲ.”

ಅವನ ಹಿಂದಿನ ಆಡು ಕೂಡ ನಕ್ಕಂತೆ ಕೆಮ್ಮಿತು. ನಾನು ಸೈಕಲ್ಲನ್ನು ಹೆಗಲ ಮೇಲೆ ಸರಿಪಡಿಸಿಕೊಂಡು ಇಳಿದೆ.

ಆಮೇಲೆ ಹಲವು ತಿಂಗಳು ಸೈಕಲ್ಲು ಪಡಸಾಲೆಯಲ್ಲಿ ನಿಂತಿತು. ಹ್ಯಾಂಡಲ್ಲಿನ ಮೇಲೆ ಮೊದಲು ಒಂದು ಟವೆಲ್ ಬಂತು, ಆಮೇಲೆ ಒಳಲಂಗ, ಆಮೇಲೆ ಉಳ್ಳಾಗಡ್ಡಿಯ ಗೊಂಚಲು. ನಾನು ಮನೆಯಲ್ಲಿ ಓಡಾಡುತ್ತಿದ್ದೆ. ಅಡಿಗೆಮನೆಗೆ ಹೋಗಿ ಡಬ್ಬಿ ತೆರೆದು ಮುಚ್ಚುತ್ತಿದ್ದೆ, ಬಾಗಿಲಿಗೆ ಬಂದು ಹಣಿಕಿ ಹಾಕುತ್ತಿದ್ದೆ, ಪುಸ್ತಕ ತೆಗೆದು ಇಡುತ್ತಿದ್ದೆ. ಪಾಠ ಹೇಳುತ್ತಿರುವಾಗ ಅರ್ಧಕ್ಕೆ ಏನು ಹೇಳುತ್ತಿದ್ದೆನೆಂದು ಮರೆಯುತ್ತಿದ್ದೆ. ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತಿದ್ದೆ. ಸುಗ್ಗಿ ಮತ್ತೆ ಬಂದಾಗ ಹೆಂಡತಿ ಒಂದು ಬೆಳಿಗ್ಗೆ ಉಳ್ಳಾಗಡ್ಡಿ ಬಿಚ್ಚಿ ಕೆಳಗಿಟ್ಟಳು.

“ಹಂದಿ ಇತ್ತೋ ಇಲ್ಲೋ ಅಂತ ಇಷ್ಟ ತಲಿ ಕೆಟ್ಟಿದ್ರ ಹೋಗಿ ಕೇಳ್ಕೊಂಡು ಬರ್ರಿ. ಆ ಹುರಳಿಯವ್ರು ಅಲ್ಲೇ ಇರ್ತಾರ. ಇಲ್ಲಂದ್ರ ಇದನ್ನ ಯಾರಿಗರ ಕೊಟ್ಟು ಬಿಡ್ರಿ. ಮನ್ಯಾಗ ನಿಮ್ಮ ತಿರಗಾಟ ನೋಡಿ ನೋಡಿ ನನಗ ತಲಿ ತಿರಗತೈತಿ.”

ಅವಳು ಅದನ್ನು ಸಿಟ್ಟಿನಿಂದ ಹೇಳಿದ್ದರೂ ಮಾತಿನಲ್ಲಿ ದಾರಿಯಿತ್ತು. ಪ್ರತ್ಯಕ್ಷ ಕಂಡವರನ್ನು ಕೇಳುವುದನ್ನು ಬಿಟ್ಟು ನಾನು ಮಡಿಲಲ್ಲಿ ಶಿರಸ್ತ್ರಾಣ ಇಟ್ಟುಕೊಂಡು ಕೂತಿದ್ದೆ. ಸೈಕಲ್ಲನ್ನು ಗಜೇಂದ್ರಗಡದ ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗಿ, ಗುಡ್ಡದ ಬುಡದಲ್ಲಿ ಇಳಿದೆ. ಅದೇ ಜಾಗ. ಅದೇ ಥರ ರಸ್ತೆಯ ತುಂಬ ಹುರುಳಿ, ಅಂಚಿಗೆ ಕಲ್ಲು. ಬೇವಿನ ನೆರಳಿನಲ್ಲಿ ಗಂಡ ಹೆಂಡತಿ ರೊಟ್ಟಿ ಬಿಚ್ಚಿಕೊಂಡು ಕೂತಿದ್ದರು. ಹೋದ ವರ್ಷ ಇಲ್ಲಿ ಬಿದ್ದವನು ನಾನು ಎಂದೆ.

ಇಬ್ಬರೂ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಹೋದ ವರ್ಷ ಅಂದ್ರ, ಹಾಲಿನ ಕ್ಯಾನು ಚೆಲ್ಲಿದವ್ರೇನ್ರಿ?” ಎಂದ ಗಂಡ.

“ಅಲ್ಲ. ಸೈಕಲ್ಲು.”

“ಹಾಂ, ಸೈಕಲ್ಲು! ಮಾವನ ಮನಿಗೆ ಹೊಂಟಿದ್ರಿ, ಹೊಸಾ ಧೋತ್ರ ಹರೀತು.”

“ಏ, ಅಂವ ಬ್ಯಾರೆ ಯಾವನೋ ಮುದುಕ,” ಎಂದಳು ಹೆಂಡತಿ. “ಇವ್ರು ತಲಿಗೆ ಟೊಪಿಗಿ ಹಾಕ್ಕೊಂಡವ್ರು. ಮೊಬೈಲ್ ನೋಡ್ಕೋತ ಬಂದ್ರು.”

“ನನ್ನ ಕೈಯಾಗ ಮೊಬೈಲ್ ಇರಲಿಲ್ಲ,” ಎಂದೆ.

“ಹಂಗಾದ್ರ ಅದು ಫಟಫಟಿ ಮ್ಯಾಲ ಬಂದಾಂವ.”

“ಒಂದು ಹಂದಿ ಅಡ್ಡ ಬಂದಿತ್ತಾ?”

ಗಂಡ ರೊಟ್ಟಿ ಅಗಿಯುತ್ತ ಯೋಚಿಸಿದ. ಅವನ ಬಾಯಿಯ ಅಂಚಿನಲ್ಲಿ ಹಿಂಡಿ ಪಲ್ಯ ಅಂಟಿತ್ತು.

“ಬಂದಿರಬೇಕ್ರಿ. ಹಂದಿ ಭಾಳ ಇಲ್ಲಿ.”

“ಬಂದಿಲ್ರಿ,” ಎಂದಳು ಅವಳು. “ಹಂದಿ ಬಂದ್ರ ನಾ ಹುರಳಿ ಬಿಟ್ಟು ಅದನ್ನ ಹೊಡ್ಯಾಕ ಓಡಿರ್ತಿದ್ದೆ.”

“ನೀವು ‘ಅಯ್ಯಯ್ಯ ನಮ್ಮ ಹುರಳಿ’ ಅಂದ್ರಿ. ನನಗ ಕೇಳಿಸಿತ್ತು.”

“ನಾ ಹಂಗ ಅಂದಿಲ್ಲ ನೋಡ್ರಿ! ಮನಶ್ಯಾ ಬಿದ್ರ ಹಂಗ ಅಂತಾರೇನ್ರಿ? ‘ಅಯ್ಯ ಶಿವನ’ ಅಂದಿರತೀನಿ. ಹೌದಲ್ರಿ?” ಎಂದು ಗಂಡನ ಕಡೆ ತಿರುಗಿದಳು. ಗಂಡ ಅನುಕೂಲ ನೋಡಿ ತಲೆಯಾಡಿಸಿದ.

ಇವರಿಗೆ ನಾನು ಯಾರೆಂಬುದೇ ಗೊತ್ತಿಲ್ಲ. ವರ್ಷವಿಡೀ ನನ್ನ ನಿದ್ದೆ ತಿಂದ ಗಳಿಗೆ ಇವರ ಪಾಲಿಗೆ ಸುಗ್ಗಿಯಲ್ಲಿ ಬಿದ್ದವರ ರಾಶಿಯೊಳಗಿನ ಒಂದು ಕಾಳು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ಹೆಚ್ಚು ಹೇಸಿಗೆಯೆನಿಸಿತು. ಸುಳ್ಳಾಗಿದ್ದರೆ ಅದರ ಹಿಂದೆ ನಿಜವಾದರೂ ಇರುತ್ತಿತ್ತು. ಇಲ್ಲಿ ಹಿಂದೆ ಏನೂ ಇರಲಿಲ್ಲ. ಇನ್ನು ಯಾರನ್ನೂ ಕೇಳುವುದು ಉಳಿದಿಲ್ಲ ಎಂದು ಆಗ ಗೊತ್ತಾಯಿತು.

“ಇಷ್ಟು ಮಂದಿ ಬೀಳತಾರ, ಮತ್ತ ಇಲ್ಲೇ ಹಾಕತೀರಲ್ಲ?” ಎಂದು ಕೂಗಿದೆ.

“ಮತ್ತ ಎಲ್ಲಿ ಹಾಕೂಣ್ರಿ? ಗಾಲಿ ಇಲ್ಲೇ ಹಾಯತಾವ,” ಎಂದ ಗಂಡ, ಸಮಾಧಾನದಿಂದ. “ಇವತ್ತು ಗಾಡಿನ ಕಡಿಮಿ ನೋಡ್ರಿ. ಮುಂಜಾನಿಂದ ಕುಂತೀವಿ. ಸಿಟ್ಟ ಮಾಡ್ಕೋಬ್ಯಾಡ್ರಿ. ರೊಟ್ಟಿ ತಿನ್ರಿ.”

“ಬ್ಯಾಡ.”

“ರೊಟ್ಟಿ ಬ್ಯಾಡಂದ್ರ ಬಿಡ್ರಿ,” ಎಂದಳು ಹೆಂಡತಿ. “ಸೈಕಲ್ಲು ಹೆಂಗೂ ತಂದೀರಿ. ಗಾಲಿ ದಪ್ಪ ಅದಾವ. ಒಂದೀಟು ಇದರ ಮ್ಯಾಲ ಅಡ್ಡಾಡಿ ಬಿಡ್ರಲ್ಲ. ಲಗೂ ಬಿಡತಾವ ಕಾಳು.”

ಅವಳು ಅಣಕಿಸುತ್ತಿದ್ದಾಳೆಂದುಕೊಂಡೆ. ಇಲ್ಲ, ಅವಳ ಮುಖ ಗಂಭೀರವಾಗಿತ್ತು. ಬಿದ್ದವನನ್ನೇ ಕರೆದು ಅದೇ ಹುರುಳಿಯ ಮೇಲೆ ಒಕ್ಕಲು ಹೊಡೆಯಲು ಹೇಳುವ ಮನಸ್ಸು ಈ ಸೀಮೆಯಲ್ಲಿ ಮಾತ್ರ ಇರಲು ಸಾಧ್ಯ. ಸಿಟ್ಟಿನ ಭರದಲ್ಲಿ ಸೈಕಲ್ ಹತ್ತಿ ಹುರುಳಿಗೆ ನುಗ್ಗಿಸಿದೆ. ಇವರ ಹುರುಳಿಯನ್ನು ತುಳಿದು ಹಾಳು ಮಾಡಬೇಕೆಂದೇ ಇತ್ತೇನೋ. ತುಳಿಯುವುದೇ ಅವರಿಗೆ ಬೇಕಾದದ್ದು ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ.

ಒಣ ಬಳ್ಳಿ ಗಾಲಿಯ ಕೆಳಗೆ ಚರಚರ ಅಂದಿತು. ಮುಂದಿನ ಗಾಲಿ ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಓಲಾಡಿತು. ಕೈ ಬ್ರೇಕಿಗೆ ಹೋದವು. ಹಿಡಿದೆ. ಹಿಂದಿನ ಗಾಲಿ ಪಕ್ಕಕ್ಕೆ ಸರಿದು, ಕಾಲು ಊರಿ ಹೇಗೋ ನಿಂತೆ. ಇನ್ನೊಮ್ಮೆ ಹೋದೆ. ಇನ್ನೊಮ್ಮೆ ಹಿಡಿದೆ, ಇನ್ನೊಮ್ಮೆ ಜಾರಿತು. ಆಗ ಗಂಡ ಮತ್ತೆ ರೊಟ್ಟಿಗೆ ಕೈ ಹಾಕಿದ್ದ. ನಾನು ಏನು ಮಾಡುತ್ತಿದ್ದೇನೆಂದು ಯಾರೂ ನೋಡುತ್ತಿರಲಿಲ್ಲ, ಕೇಳುವವರಿರಲಿಲ್ಲ, ಹೇಳಬೇಕಾದ ಕಥೆಯಿರಲಿಲ್ಲ. ಮುಂದಿನ ಸುತ್ತಿಗೆ ಬೆರಳುಗಳನ್ನು ಬ್ರೇಕಿನಿಂದ ಬಿಡಿಸಿ ಹ್ಯಾಂಡಲ್ಲಿಗೆ ಸುತ್ತಿದೆ. ಗಾಲಿ ಓಲಾಡಿತು, ಓಲಾಡುತ್ತಲೇ ಮುಂದೆ ಹೋಯಿತು. ಹಾಸಿನ ಆ ತುದಿ ಮುಟ್ಟಿದೆ. ಹಿಡಿಯದಿದ್ದರೆ ಹೋಗುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತು, ಗುಡ್ಡದ ಮೇಲಿನ ಸಡಿಲ ಗರಸಿನಲ್ಲಿ ಎಷ್ಟೋ ಸಲ ಮಾಡಿದ್ದು. ಕೈಗೆ ಮಾತ್ರ ಮರೆತಿತ್ತು.

ಎಷ್ಟು ಸುತ್ತು ಹಾಕಿದೆನೋ ತಿಳಿಯದು. ಹೊಟ್ಟು ಕೊರಳಪಟ್ಟಿಯೊಳಗೆ ಇಳಿದು ಬೆವರಿಗೆ ಅಂಟಿ ಕೆರೆಯುತ್ತಿತ್ತು. ಮೂಗು ಕಟ್ಟಿ, ಸೀನಿದರೆ ಕರಿಯ ಸಿಂಬಳ. ತುಟಿಯ ಮೇಲೆ ಹೋದ ವರ್ಷದ ರುಚಿಯೇ ಬಂತು, ಥೂ ಎಂದು ಉಗಿಯುತ್ತ ತಿರುಗಿದೆ. ಆಕೆ ಎದ್ದು ಬಂದು ಕವೆಗೋಲಿನಿಂದ ಬಳ್ಳಿಯನ್ನು ಮಗುಚಿ ಹಾಕುತ್ತಿದ್ದಳು.

“ಆ ಕಡೆ ಅಂಚಿಗೆ ಹಾಯ್ರಿ, ಅಂಚಿಗೆ! ನಡಕನ ಎಷ್ಟ ತುಳೀತೀರಿ? ಅಲ್ಲಿ ಕಾಳು ಬಿಟ್ಟು ಎಷ್ಟೊತ್ತಾತು!”

“ಸುಮ್ನಿರ,” ಎಂದ ಗಂಡ. “ಪುಕ್ಕಟ್ಟೆ ಸಿಕ್ಕಾರ. ಹೊಂಟ ಹೋದಾರು.”

ನಾನು ಅಂಚಿಗೂ ಹಾಯ್ದೆ. ಎಡಗಡೆಯ ಜಾಲಿಯ ಪಕ್ಕದಲ್ಲೇ ಹೋಗಬೇಕಾಗಿತ್ತು. ಅತ್ತ ನೋಡಿದ್ದರೆ ಏನಾದರೂ ಕಾಣುತ್ತಿತ್ತೋ ಏನೋ. ಗಾಲಿ ಜಾರುವ ನೆಲದಲ್ಲಿ ಅತ್ತ ನೋಡಲು ಬಿಡುವಿರಲಿಲ್ಲ.

ಅವರಿಗೆ ಹೇಳದೆಯೇ ಹೊರಟೆ. ಸಿಟ್ಟೇನೂ ಕಡಿಮೆಯಾಗಿರಲಿಲ್ಲ. ರಸ್ತೆಗೆ ಹುರುಳಿ ಹಾಕುವವರನ್ನು ನಾನು ಈಗಲೂ ಕ್ಷಮಿಸುವುದಿಲ್ಲ. ನನ್ನಿಂದ ಅಷ್ಟು ಹೊತ್ತು ಬಿಟ್ಟಿ ಒಕ್ಕಲು ಹೊಡೆಸಿಕೊಂಡು, ಹೊರಟಾಗ “ನಾಳಿಗೂ ಬರ್ರಿ, ತೊಗರಿ ಐತಿ” ಎಂದರು. ಅದನ್ನಂತೂ ಕ್ಷಮಿಸುವುದೇ ಇಲ್ಲ.

ಬಸ್ಸಿನ ಕಡೆ ಹೋಗಬೇಕಾದವನು ಗುಡ್ಡದ ಕಡೆ ತಿರುಗಿದೆ. ಹತ್ತುವಾಗ ಎಡ ಹೆಗಲು ಜಡವಾಗಿ ನೋಯುತ್ತಿತ್ತು. ದಾರಿಯ ಪಕ್ಕದಲ್ಲಿ ಖಾಲಿ ಬಾಟಲಿಗಳು, ಹೇಲು, ತಿಂದು ಬಿಸಾಕಿದ ಅನ್ನದ ತಟ್ಟೆಗಳು. ನನಗೆ ಪ್ರೀತಿಯ ಈ ಗುಡ್ಡ ಇಷ್ಟು ಕೊಳಕೆಂದು ಹಿಂದೆ ಗಮನಿಸಿದ್ದೆನೋ ಇಲ್ಲವೋ. ಗಮನಿಸಿದ್ದೆ ಎನಿಸುತ್ತದೆ. ಆದರೆ ನನಗೆ ಹಾಗೆ ಅನಿಸುವುದಕ್ಕೆ ಈಗ ಎಷ್ಟು ಬೆಲೆಯಿದೆ ಎಂಬುದು ನಿಮಗೆ ಗೊತ್ತೇ ಇದೆ. ಮೇಲೆ ಗಾಳಿಯಂತ್ರದ ರೆಕ್ಕೆಗಳು ಹೂಂ ಹೂಂ ಎನ್ನುತ್ತಿದ್ದವು. ಅದರ ಬುಡದಲ್ಲಿ ನಿಂತು ನೀರು ಕುಡಿದೆ. ಕಾಲುದಾರಿ ಕೆಳಗೆ ಬಂಡೆಗಳ ನಡುವೆ ಇಳಿದು ಕಾಣದಾಗುತ್ತಿತ್ತು. ಇವತ್ತು ಆಗದಿದ್ದರೆ ಸೈಕಲ್ಲನ್ನು ಯಾರಿಗಾದರೂ ಕೊಟ್ಟುಬಿಡುವುದೇ ಸರಿ ಎಂದು ನಿರ್ಧರಿಸಿದೆ. ಕಾಲು ನೆಲ ಬಿಟ್ಟಿತು.

ಮೊದಲ ಕಲ್ಲು. ಅದರ ಎಡಕ್ಕೆ ಸಂದಿ. ಅಂಡು ಹಿಂದಕ್ಕೆ. ಕಾಲುವೆ ಕೊರೆದ ಜಾಗ, ಅದರ ಅಂಚಿನ ಮೇಲೆ. ಒಂದು ಪೊದೆ ಮೊಣಕೈ ಗೀರಿತು. ಸಡಿಲ ಗರಸಿನಲ್ಲಿ ಹಿಂದಿನ ಗಾಲಿ ಸರಿಯಿತು, ಸರಿಯಲು ಬಿಟ್ಟೆ. ಮುಂದಿನ ಕಲ್ಲು. ಮುಂದಿನದು. ಒಂದು ಕಡೆ ಕುರಿಗಳ ಹಿಕ್ಕೆಯ ಹಾಸು, ಅಲ್ಲಿ ಗಾಲಿ ಮೆತ್ತಗಾಯಿತು. ಬೆರಳು ಬ್ರೇಕಿನ ಮೇಲೆ ಇದ್ದವು, ಬೇಕಾದಲ್ಲಿ ಹಿಡಿದವು, ಬೇಡವಾದಲ್ಲಿ ಬಿಟ್ಟವು. ನಾನು ಅವುಗಳಿಗೆ ಏನನ್ನೂ ಹೇಳಲಿಲ್ಲ.

ಡಾಂಬರಿಗೆ ಬಂದು ನಿಂತಾಗ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ತಿರುಗಿ ಮೇಲೆ ನೋಡಿದೆ. ಅಷ್ಟು ಕಡಿದಾದ ಜಾಗವನ್ನು ಹೇಗೆ ಇಳಿದೆ? ಆ ದೊಡ್ಡ ಚಪ್ಪಟೆ ಬಂಡೆಯ ಯಾವ ಮಗ್ಗುಲಿನಿಂದ ಬಂದೆ? ನೆನಪು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಅರ್ಧದಾರಿಯಿಂದ ಕೆಳಗೆ ಏನೂ ಉಳಿದಿರಲಿಲ್ಲ. ಕಥೆ ಮಾಡಲು ಒಂದು ಚೂರೂ ಇರಲಿಲ್ಲ. ಹಳೆಯ ಚಾಳಿ, ಅನುಮಾನ ಬಂತು. ನಿಜವಾಗಿಯೂ ಸೈಕಲ್ ಮೇಲೆಯೇ ಇಳಿದೆನೋ, ಅಥವಾ ನಡುವೆ ಎಲ್ಲೋ ಕಾಲೂರಿ ನೂಕಿಕೊಂಡು ಬಂದೆನೋ?

ಬಂಡೆಯ ಹತ್ತಿರ ಗಾಲಿಯ ಗೆರೆ ಬಿದ್ದಿರಬೇಕು, ನೋಡಿಬಿಡೋಣ ಎಂದು ಸೈಕಲ್ ನೂಕಿಕೊಂಡು ಮತ್ತೆ ಹತ್ತತೊಡಗಿದೆ. ಗೆರೆ ಇತ್ತೋ ಇಲ್ಲವೋ, ಬಂಡೆಯನ್ನು ಯಾವಾಗ ದಾಟಿದೆನೆಂಬುದೇ ತಿಳಿಯಲಿಲ್ಲ. ಮೇಲೆ ಹೋಗಿ ನಿಂತಾಗ ನಾನು ಕೆಳಗಿನ ಮೊದಲ ಕಲ್ಲನ್ನು ನೋಡುತ್ತಿದ್ದೆ. ಈ ಸಲ ಅದರ ಬಲಗಡೆಯಿಂದ ಇಳಿಯಬಹುದು ಎನಿಸಿತು.